30 ದಾಟಿದವರಿಗೆ ಎಚ್‌ಪಿವಿ ಲಸಿಕೆ: ನಾವಾಗೇ ಹೇಳಬೇಕೋ, ಕೇಳಿದರೆ ಮಾತ್ರವೋ?

ಶಹಾಪುರ_ಕ್ಲಿನಿಕ್:
ಎಚ್‌ಪಿವಿ ಅಂದ್ರ ಲೈಂಗಿಕ ಸಂಪರ್ಕದಿಂದ ಹರಡಿ ಗರ್ಭಚೀಲದ ಬಾಯಿಗೆ ಕ್ಯಾನ್ಸರ್ ತರೋ ವೈರಸ್. ಇದರ ಲಸಿಕೆ ಹನ್ನೆರಡರ ಹುಡುಗಿಗೆ ಬರೆಯೋದರಲ್ಲಿ ಯಾರಿಗೂ ಅನುಮಾನ ಇಲ್ಲ. 28, 35, 40ರ ಹೆಣ್ಮಕ್ಕಳು ಬಂದಾಗ ಮಾತ್ರ ನಮ್ಮ ಕಡೆ ಡಾಕ್ಟರುಗಳು ಬಾಯಿ ಬಿಡೋದು ಕಮ್ಮಿ. "ಲಗ್ನ ಆಗ್ಯಾದ, ಎರಡು ಮಕ್ಕಳಾಗ್ಯಾವ, ಇನ್ನೇನು ಉಪಯೋಗ" ಅಂತಾರ ಒಬ್ಬರು, "ಅಷ್ಟು ರೊಕ್ಕ ಎಲ್ಲಿಂದ ತರ್ತಾರ" ಅಂತಾರ ಇನ್ನೊಬ್ಬರು. ಯಾವ ವಯಸ್ಸಿನ ತನಕ ಒತ್ತಿ ಹೇಳಬೇಕು? ಮೊದಲು ಟೆಸ್ಟ್ ಬೇಕಾ?

ಸ್ತ್ರೀರೋಗ_ಕಲಬುರಗಿ:
26ಕ್ಕೆ ಒಂದು ಗೆರೆ ಎಳೀರಿ. ಅದರೊಳಗಿನವರಿಗೆ ಲಗ್ನ ಆಗಿದ್ದರೂ ಹೇಳಲೇಬೇಕು. 27ರಿಂದ 45ರವರಿಗೆ ಅಮೆರಿಕದ ಎಸಿಐಪಿ (ಅಲ್ಲಿನ ಸರ್ಕಾರಕ್ಕೆ ಲಸಿಕೆ ಬಗ್ಗೆ ಸಲಹೆ ಕೊಡೋ ಸಮಿತಿ) 2019ರಲ್ಲಿ ಹೇಳಿದ್ದು, ಎಲ್ಲರಿಗೂ ಬೇಡ, ವೈದ್ಯರೂ ರೋಗಿಯೂ ಮಾತಾಡಿ ತೀರ್ಮಾನಿಸಲಿ ಅಂತ.

ಲಸಿಕೆ ಒಳಗಿರುವ ವೈರಸ್ಸನ್ನು ತೆಗೆಯೋದಿಲ್ಲ, ಇನ್ನೂ ತಗುಲದ ತಳಿಗಳನ್ನು ತಡೀತದ. ಎಲ್ಲ ತಳಿಯೂ ಒಬ್ಬರಿಗೇ ತಗುಲಿರೋದು ಅಪರೂಪ. ಹಂಗಾಗಿ "ಲಗ್ನ ಆಗ್ಯಾದ, ಉಪಯೋಗ ಇಲ್ಲ" ಅನ್ನೋದು ಅರ್ಧ ಸತ್ಯ; ಲಾಭ ಕಮ್ಮಿ ಆಗ್ತದ, ಸೊನ್ನೆ ಆಗೋದಿಲ್ಲ. ಇದೇ ಕಾರಣಕ್ಕ ಮುಂಚೆ ಎಚ್‌ಪಿವಿ ಟೆಸ್ಟ್ ಬೇಡ. ಒಂದು ತಳಿಗೆ ಪಾಸಿಟಿವ್ ಬಂದರೂ ಉಳಿದವುಗಳಿಗೆ ಸೂಜಿ ಕೆಲಸ ಮಾಡ್ತದ.

ಯಾವ ಬ್ರ್ಯಾಂಡ್ ಅನ್ನೋದರಲ್ಲೇ ಹೆಚ್ಚು ತಪ್ಪಾಗ್ತದ. ಸೀರಂ ಕಂಪನಿಯ ಸರ್ವಾವ್ಯಾಕ್‌ಗೆ ಅನುಮತಿ 9ರಿಂದ 26ರವರೆಗೆ ಮಾತ್ರ. ಅಗ್ಗ ಅಂತ 38ರವರಿಗೆ ಬರೆದರೆ ಅದು ಲೇಬಲ್ಲಿನ ಹೊರಗಿನ ಮಾತು. ಗಾರ್ಡಾಸಿಲ್ 9 ಹೆಂಗಸರಿಗೆ 45ರ ತನಕ ಇದೆ, ಆದರೆ ಒಂದು ಡೋಸಿಗೆ 10 ಸಾವಿರದ ಆಸುಪಾಸು. ಲೇಬಲ್ ಪ್ರಕಾರ 15 ದಾಟಿದವರಿಗೆ ಮೂರು ಡೋಸ್: 0, 2, 6 ತಿಂಗಳು. 0.5 ಮಿ.ಲೀ., ತೋಳಿನ ಸ್ನಾಯುವಿಗೆ. ಕೊಟ್ಟ ಮೇಲೆ 15 ನಿಮಿಷ ಕೂಡಿಸ್ರಿ, ತಲೆ ತಿರುಗಿ ಬೀಳೋರಿದ್ದಾರ.

ಯಾದಗಿರಿ ಕಡೆ ದುಡಿಯಲಿಕ್ಕೆ ಮುಂಬೈ, ಬೆಂಗಳೂರಿಗೆ ಹೋದವರು ಮೂರನೇ ಡೋಸ್ ತಪ್ಪಿಸ್ತಾರ. ವರ್ಷ ಬಿಟ್ಟು ಬಂದರೂ ಮೊದಲಿಂದ ಶುರು ಮಾಡಬ್ಯಾಡ್ರಿ, ಉಳಿದದ್ದು ಕೊಡ್ರಿ.

ಲಸಿಕೆ_ಶೀತಪೆಟ್ಟಿಗೆ:
ಒಂದು ಸೇರಿಸ್ತೀನಿ. ಕಲಬುರಗಿ ಅಂಗಡಿಯಿಂದ ಚಿತ್ತಾಪುರಕ್ಕೆ, ಸೇಡಂಗೆ ಬಸ್ಸಿನಲ್ಲಿ ಒಯ್ಯುವಾಗ ಬಿಸಿಲಿಗೆ ಹೆದರಿ ವೈಲ್ ಮೈಗೇ ಐಸ್ ತಾಗಿಸಿ ಇಡ್ತಾರ. ಕೆಡೋದು ಅಲ್ಲೇ. ಇದರಲ್ಲಿ ಅಲ್ಯುಮಿನಿಯಂ ಇದೆ, ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಬೇಕು. 2ರಿಂದ 8 ಡಿಗ್ರಿ ಇರಬೇಕು. ಐಸ್ ಪ್ಯಾಕ್ ಫ್ರೀಜರಿನಿಂದ ತೆಗೆದು ಹೊರಗಿಡ್ರಿ. ಅಲ್ಲಾಡಿಸಿದರೆ ಒಳಗೆ ನೀರು ಕುಲುಕಿದ ಸದ್ದು ಬರಬೇಕು, ಆಮೇಲೆ ಪೆಟ್ಟಿಗೆಗೆ.

ಪಿಎಚ್‌ಸಿ_ಬೀದರ್:
ಡಾಕ್ಟರು ಸುಮ್ಮನಿರೋದಕ್ಕ ರೊಕ್ಕ ಒಂದೇ ಕಾರಣ ಅಲ್ಲ. 2010ರಲ್ಲಿ ಖಮ್ಮಂ, ವಡೋದರಾದಲ್ಲಿ ಹುಡುಗಿಯರಿಗೆ ಈ ಲಸಿಕೆ ಕೊಡೋ ಯೋಜನೆ ನಿಂತದ್ದು ಹಲವರ ತಲೆಯಲ್ಲಿ ಉಳಿದಿದೆ. ಸೂಜಿ ತಗೊಂಡ ಕೆಲ ಹುಡುಗಿಯರು ಅಲ್ಲಿ ತೀರಿಕೊಂಡಿದ್ದರು; ಅದಕ್ಕ ಲಸಿಕೆ ಕಾರಣ ಅಂತ ತನಿಖೆಯಲ್ಲಿ ಸಾಬೀತಾಗಲಿಲ್ಲ. ಎಡವಿದ್ದು ಒಪ್ಪಿಗೆ ಪತ್ರ ಪಡೆದ ರೀತಿಯಲ್ಲಿ. ಇನ್ನೊಂದು ಸಂಕೋಚ: ಪಕ್ಕದಲ್ಲಿ ಅತ್ತಿ ಕೂತಿರುವಾಗ ಲೈಂಗಿಕ ಸಂಪರ್ಕದ ಮಾತು ಹೆಂಗ ತೆಗೆಯೋದು? ತೆಗೀಬ್ಯಾಡ್ರಿ. "ಗರ್ಭಚೀಲದ ಬಾಯಿಗೆ ಬರೋ ಕ್ಯಾನ್ಸರ್ ತಡಿಯೋ ಸೂಜಿ ಅದ ಅವ್ವಾ" ಅಂದರೆ ಸಾಕು. ಕೇಳಿದರೆ, ಈ ವೈರಸ್ ಬಹುತೇಕ ಎಲ್ಲರಿಗೂ ಒಮ್ಮೆ ಬಂದು ಹೋಗೋದೇ ಅನ್ನಿ.

ಮೇಲಿನ ಮೇಡಂ ಮಾತಿಗೆ ಒಂದು ತಕರಾರು. 38ರ ಕೂಲಿ ಹೆಣ್ಣುಮಗಳಿಗೆ 30 ಸಾವಿರದ ಸೂಜಿಗಿಂತ ಮೊದಲು ತಪಾಸಣೆ ಆಗಲಿ. 30 ದಾಟಿದವರಿಗೆ ಸರ್ಕಾರಿ ವಿಐಎ (ಗರ್ಭಚೀಲದ ಬಾಯಿಗೆ ಆಸಿಡ್ ಹಚ್ಚಿ ಕಣ್ಣಿನಿಂದಲೇ ನೋಡೋ ತಪಾಸಣೆ) ಐದು ವರ್ಷಕ್ಕೊಮ್ಮೆ, ರೊಕ್ಕ ಇಲ್ಲ. 3ರಿಂದ 5 ಪರ್ಸೆಂಟ್ ಅಸೆಟಿಕ್ ಆಸಿಡ್ ಹಚ್ಚಿ ಪೂರಾ ಒಂದು ನಿಮಿಷ ಕಾಯಬೇಕು. ಗಡಿಬಿಡಿಯಲ್ಲಿ ನೋಡಿದರೆ ಅನುಮಾನದ ಬಿಳಿ ಕಲೆ ಏಳೋ ಮೊದಲೇ "ನಾರ್ಮಲ್" ಅಂತ ಬರೆದುಬಿಡ್ತೀವಿ. ಸೂಜಿ ತಗೊಂಡವರಿಗೂ ತಪಾಸಣೆ ತಪ್ಪಿದ್ದಲ್ಲ.

ಶಹಾಪುರ_ಕ್ಲಿನಿಕ್:
ಮೊದಲ ಡೋಸ್ ಆಗಿ ಬಸಿರಾದರೆ?

ಸ್ತ್ರೀರೋಗ_ಕಲಬುರಗಿ:
ಅಷ್ಟಕ್ಕೇ ನಿಲ್ಲಿಸ್ರಿ, ಗಾಬರಿ ಬ್ಯಾಡ, ಬಸಿರು ತೆಗೆಸೋ ಮಾತೇ ಇಲ್ಲ. ಹೆರಿಗೆ ಆದ ಮೇಲೆ ಉಳಿದ ಎರಡು. ಎದೆಹಾಲು ಕುಡಿಸೋರಿಗೂ ಕೊಡಬಹುದು.