ಸೈತಾನನನ್ನು ಎದುರಿಸಿರಿ ಅನ್ನುತ್ತದೆ ಸತ್ಯವೇದ. ದಿನನಿತ್ಯದಲ್ಲಿ ಅದನ್ನು ಮಾಡುವುದು ಹೇಗೆ?

ನೇತ್ರಾವತಿ_ತೀರ ಕೇಳಿದ ಪ್ರಶ್ನೆ

ಕರ್ತನಲ್ಲಿ ಎಲ್ಲರಿಗೂ ವಂದನೆ. ನಮ್ಮ ಯೌವನಸ್ಥರ ಕೂಟದಲ್ಲಿ ಎಫೆಸದವರಿಗೆ 6:10-18 ಮತ್ತು ಯಾಕೋಬ 4:7 ಅಧ್ಯಯನಕ್ಕೆ ಇಟ್ಟುಕೊಂಡಿದ್ದೇವೆ. ಪೌಲ ಅಲ್ಲಿ ಹೇಳುವ ದೇವರ ಸರ್ವಾಯುಧಗಳ (ಕವಚ, ಗುರಾಣಿ, ಶಿರಸ್ತ್ರಾಣ ಮುಂತಾದವುಗಳ) ಹೆಸರು ಸಂಡೇ ಸ್ಕೂಲ್ ಮಕ್ಕಳಿಗೂ ಬಾಯಿಪಾಠ. ಆದರೆ ಶೋಧನೆ, ಅಂದರೆ ಪಾಪಕ್ಕೆ ಎಳೆಯುವ ಸೆಳೆತ, ಎದುರಿಗೆ ಬಂದು ನಿಂತ ಗಳಿಗೆಯಲ್ಲಿ ಏನು ಮಾಡಬೇಕು ಅಂತ ಕೇಳಿದರೆ ಎಲ್ಲರದ್ದೂ "ಪ್ರಾರ್ಥನೆ ಮಾಡಿ" ಅನ್ನುವ ಒಂದೇ ಉತ್ತರ. ಬಲ್ಲವರು ಬಿಡಿಸಿ ಹೇಳಿ:

ಶೋಧನೆಯ ಕ್ಷಣದಲ್ಲಿ ಒಂದಾದ ಮೇಲೊಂದು ಮಾಡಬೇಕಾದ್ದು ಏನು? ಪ್ರಾರ್ಥನೆಗೆ ಕೂತಾಗಲೇ ದೇವದೂಷಣೆಯ ಯೋಚನೆ ನುಗ್ಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದನ್ನು ಪ್ರತಿ ಸಲ ಗದರಿಸಬೇಕೇ? "ಸೈತಾನನೇ, ನಿನ್ನನ್ನು ಕಟ್ಟುತ್ತೇನೆ" ಅಂತ ಕೂಗುವುದಕ್ಕೆ ವಾಕ್ಯದ ಆಧಾರ ಇದೆಯೇ? ಇನ್ನು, ಮಾತ್ರೆ ನಿಲ್ಲಿಸಿ ಉಪವಾಸ ಪ್ರಾರ್ಥನೆಗೆ ಬಾ ಅಂತ ಹೇಳಿಸಿಕೊಂಡವರಿಗೆ ಏನು ಹೇಳಬೇಕು?

---

ಬಲ್ಮಠ_ಗುಡ್ಡ ಉತ್ತರ

ಯಾಕೋಬ 4:7ರ ಮೊದಲ ಅರ್ಧ ಬಿಟ್ಟು ಎರಡನೇ ಅರ್ಧವನ್ನಷ್ಟೇ ಹಿಡಿದುಕೊಳ್ಳುವುದರಿಂದಲೇ ಹೆಚ್ಚಿನವರು ಸೋಲುತ್ತಾರೆ. ದೇವರಿಗೆ ಒಳಪಡುವುದು ಮೊದಲು, ಎದುರಿಸುವುದು ಆಮೇಲೆ. ಪೇತ್ರನೂ ಹಾಗೇ ಬರೆಯುತ್ತಾನೆ. ಗರ್ಜಿಸುವ ಸಿಂಹ ಬರುವುದು 1 ಪೇತ್ರ 5:8ರಲ್ಲಿ. ಅದಕ್ಕಿಂತ ಮುಂಚೆ, 6ರಲ್ಲಿ ತಗ್ಗಿಸಿಕೊಳ್ಳಿ ಅನ್ನುತ್ತಾನೆ, 7ರಲ್ಲಿ ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿ ಅನ್ನುತ್ತಾನೆ. ತಮ್ಮನ ಜೊತೆ ಆಸ್ತಿಯ ಜಗಳದ ಕೋಪವನ್ನು ವರ್ಷಗಟ್ಟಲೆ ಸಾಕಿಕೊಂಡು ರಾತ್ರಿಯಿಡೀ ಪ್ರಾರ್ಥನೆಯಲ್ಲಿ ಹೋರಾಡಿದರೆ ಬಾಗಿಲು ತೆರೆದೇ ಇರುತ್ತದೆ. ಸೂರ್ಯ ಮುಳುಗುವ ಮುಂಚೆ ಕೋಪ ತೀರಲಿ, ಸೈತಾನನಿಗೆ ಅವಕಾಶ ಕೊಡಬೇಡಿ ಅಂತ ಎಫೆಸ 4:26-27ರಲ್ಲಿ ಎರಡನ್ನೂ ಕೂಡಿಸಿಯೇ ಹೇಳಿದೆ. ಕ್ಷಮಿಸದಿದ್ದರೆ ಸೈತಾನನ ತಂತ್ರಕ್ಕೆ ಸಿಕ್ಕಿಬೀಳುತ್ತೇವೆ ಅನ್ನುವುದೂ ಪೌಲನ ಮಾತೇ (2 ಕೊರಿಂಥ 2:10-11).

ಇನ್ನು ಆ ಗಳಿಗೆಯಲ್ಲಿ ಮಾಡುವ ಕೆಲಸ. ಮೊದಲು, ಬಂದ ಯೋಚನೆಯನ್ನು ಪೂರ್ತಿ ವಾಕ್ಯವಾಗಿ ಹೇಳಿಕೊಳ್ಳಿ. "ಏನೋ ಒಂಥರಾ ಆಗ್ತಿದೆ" ಅಂದರೆ ಅದಕ್ಕೆ ಉತ್ತರ ಕೊಡಲಾಗುವುದಿಲ್ಲ. "ಈ ಬಿಲ್ಲಿನಲ್ಲಿ ನೂರು ರೂಪಾಯಿ ಹೆಚ್ಚಿಗೆ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ" ಅಂತ ಬಿಡಿಸಿಟ್ಟರೆ ಅದರ ಸುಳ್ಳು ಎಲ್ಲಿದೆ ಅಂತ ಕಾಣುತ್ತದೆ: ದೇವರು ನೋಡುವುದಿಲ್ಲ ಅನ್ನುವುದು ಒಂದು, ದೇವರು ನನಗೆ ಸಾಕಾಗುವಷ್ಟು ಕೊಡುವುದಿಲ್ಲ ಅನ್ನುವುದು ಇನ್ನೊಂದು. ಆಮೇಲೆ ಆ ಸುಳ್ಳಿಗೇ ಎದುರಾಗಿ ನಿಲ್ಲುವ ವಚನವನ್ನು ಬಾಯಿಬಿಟ್ಟು ಹೇಳಿ. ಇಲ್ಲಿಗಾದರೆ ಇಬ್ರಿಯ 13:5: ಇರುವುದರಲ್ಲಿ ತೃಪ್ತರಾಗಿರಿ, ನಾನು ನಿನ್ನನ್ನು ಎಂದಿಗೂ ಕೈಬಿಡುವುದಿಲ್ಲ ಅನ್ನುವ ಮಾತು. ಕೊನೆಗೆ ಕೈಯಲ್ಲಿರುವ ಕೆಲಸವನ್ನು ಸರಿಯಾಗಿ ಮಾಡಿ ಮುಗಿಸಿ. ಬಿಲ್ಲಿನಲ್ಲಿ ಇದ್ದ ಮೊತ್ತವನ್ನೇ ಬರೆದು ಸಹಿ ಹಾಕಿದರೆ ಅದೇ ಎದುರಿಸುವುದು.

ಯೇಸು ಅಡವಿಯಲ್ಲಿ ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯಗಳಿಂದ ಬಂದವು (8:3, 6:16, 6:13). ಅವು ಇಸ್ರಾಯೇಲ್ಯರು ಅಡವಿಯಲ್ಲಿ 40 ವರ್ಷ ಅಲೆದದ್ದನ್ನು ನೆನಪಿಸುವ ಭಾಗಗಳು. ಹಸಿವಿನ ಶೋಧನೆಗೆ ಮನ್ನದ (ಅಡವಿಯಲ್ಲಿ ದೇವರು ಕೊಟ್ಟ ಆಹಾರದ) ಪಾಠವನ್ನೇ ಆತನು ಉತ್ತರವಾಗಿ ಕೊಟ್ಟನು. ಹಾಗಾಗಿ ಬಿಡಿಬಿಡಿ ವಚನ ಗುಡ್ಡೆ ಹಾಕುವುದಕ್ಕಿಂತ ಒಂದೆರಡು ಅಧ್ಯಾಯಗಳನ್ನು ಸಂದರ್ಭ ಸಮೇತ ಒಳಗಿಳಿಸಿಕೊಳ್ಳುವುದು ಮೇಲು. ಸಂದರ್ಭ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಅಲ್ಲೇ ನಿದರ್ಶನ ಇದೆ. ದೂತರು ನಿನ್ನನ್ನು ಕಾಯುವರು ಅನ್ನುವ ಕೀರ್ತನೆ 91:11-12ನ್ನು ಸೈತಾನನೂ ಉದಾಹರಿಸಿದ, ಆದರೆ "ನಿನ್ನ ಎಲ್ಲಾ ಮಾರ್ಗಗಳಲ್ಲಿ" ಅನ್ನುವುದನ್ನು ನುಂಗಿದ. ಸಿಂಹವನ್ನೂ ಸರ್ಪವನ್ನೂ ತುಳಿಯುವ 13ನೇ ವಚನದ ಹತ್ತಿರಕ್ಕೂ ಹೋಗಲಿಲ್ಲ.

ಒಂದು ಎಚ್ಚರಿಕೆ. ಎಲ್ಲ ಶೋಧನೆಯ ಎದುರಿಗೂ ನಿಂತು ಹೋರಾಡು ಅಂತ ಸತ್ಯವೇದ ಹೇಳುವುದಿಲ್ಲ. ಜಾರತ್ವದ ವಿಷಯದಲ್ಲಿ ಓಡಿಹೋಗಿ ಅನ್ನುತ್ತದೆ (1 ಕೊರಿಂಥ 6:18), ಯಜಮಾನನ ಹೆಂಡತಿ ಹಿಡಿದೆಳೆದಾಗ ಯೋಸೇಫ ಬಟ್ಟೆ ಬಿಟ್ಟು ಓಡಿದ. ರಾತ್ರಿ ಹನ್ನೊಂದಕ್ಕೆ ಫೋನ್ ಕೈಯಲ್ಲಿಟ್ಟುಕೊಂಡು ವಚನ ಹೇಳುವುದಲ್ಲ, ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಬರುವುದು.

ಸರ್ವಾಯುಧವನ್ನು ಬೆಳಗ್ಗೆ ಒಂದೊಂದಾಗಿ ತೊಟ್ಟುಕೊಂಡಂತೆ ಕೈಯಾಡಿಸಿ ಹೇಳುವ ರೂಢಿ ಮಕ್ಕಳಿಗೆ ಕಲಿಸಲು ಚೆನ್ನ. ಆದರೆ ಪೌಲ ಬರೆದದ್ದು ಮಂತ್ರವಲ್ಲ. ನೀತಿಯೆಂಬ ಕವಚ, ರಕ್ಷಣೆಯೆಂಬ ಶಿರಸ್ತ್ರಾಣ ಎರಡೂ ಯೆಶಾಯ 59:17ರಲ್ಲಿ ಯೆಹೋವನೇ ಧರಿಸಿದವು, ಅವನ್ನೇ ನಮಗೆ ಕೊಟ್ಟಿದ್ದಾನೆ. ಗುರಾಣಿಯೂ ರೋಮನ್ ಸೈನಿಕನ ಎದೆ, ಹೊಟ್ಟೆ, ತೊಡೆ ಮುಚ್ಚುವ ದೊಡ್ಡ ಗುರಾಣಿ. ಪಕ್ಕದವನ ಗುರಾಣಿಗೆ ಒತ್ತಿ ಹಿಡಿದಾಗಲೇ ಅದು ಗೋಡೆಯಾಗುತ್ತಿತ್ತು. ಪೌಲ ಈ ಪತ್ರ ಬರೆದದ್ದೂ ಒಬ್ಬನಿಗಲ್ಲ, ಸಭೆಗೆ. ಒಬ್ಬೊಬ್ಬರೇ ಗುಟ್ಟಾಗಿ ಹೋರಾಡುವವರು ಬಹುಮಟ್ಟಿಗೆ ಬೀಳುತ್ತಾರೆ.

---

ಲೊಯೋಲ_ಓದುಗ ಉತ್ತರ

ಮೇಲಿನವರ ಕೊನೆಯ ಮಾತಿಗೆ ಕಥೋಲಿಕ ಸಂಪ್ರದಾಯದಿಂದ ಸ್ವಲ್ಪ ಸೇರಿಸುತ್ತೇನೆ. ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲ ಬರೆದ "ಆತ್ಮಿಕ ಸಾಧನೆಗಳು" ಪುಸ್ತಕ 1548ರಲ್ಲಿ ಅಚ್ಚಾಯಿತು. ಒಳಗೆ ಏಳುವ ಪ್ರೇರಣೆ ಒಳ್ಳೆಯ ಆತ್ಮದ್ದೋ ಕೆಟ್ಟದ್ದೋ ಅಂತ ವಿವೇಚಿಸಲು ಅದರ ಮೊದಲ ವಾರದ ಭಾಗದಲ್ಲಿ 14 ನಿಯಮಗಳಿವೆ. ಇವತ್ತಿಗೂ ಅಷ್ಟು ಉಪಯುಕ್ತವಾದದ್ದು ಅಪರೂಪ. ಗುಟ್ಟಿನ ಬಗ್ಗೆ ಇರುವುದು 13ನೆಯದು: ಶತ್ರು ತನ್ನ ಮಾತು ಹೊರಗೆ ಬೀಳಬಾರದು ಅಂತ ಬಯಸುತ್ತಾನೆ, ಪಾಪನಿವೇದನೆಯ ಗುರುವಿಗೋ ಆತ್ಮಿಕ ವಿಷಯ ಬಲ್ಲವರಿಗೋ ತಿಳಿಸಿದ ಕೂಡಲೇ ಅವನ ಆಟ ಕೆಡುತ್ತದೆ. 14ನೆಯದರ ಪ್ರಕಾರ ಅವನು ಕೋಟೆಯ ಸುತ್ತ ತಿರುಗಿ ಅತಿ ದುರ್ಬಲ ಜಾಗದಲ್ಲೇ ದಾಳಿ ಮಾಡುತ್ತಾನೆ. ಹಾಗಾಗಿ ನಿಮ್ಮ ದುರ್ಬಲ ಜಾಗ ಯಾವುದು ಅಂತ ನಿಮಗೆ ಮೊದಲೇ ಗೊತ್ತಿರಬೇಕು.

ಎಲ್ಲರೂ ಮುರಿಯುವ ನಿಯಮ 5ನೆಯದು. ಮನಸ್ಸು ಬರಡಾಗಿ, ಕತ್ತಲೆ ಕವಿದಿರುವಾಗ ಹಿಂದಿನ ಒಳ್ಳೆಯ ತೀರ್ಮಾನವನ್ನು ಬದಲಿಸಬೇಡಿ. ಸಭೆ ಬಿಡುವುದು, ಮದುವೆ ಮುರಿಯುವುದು, ಸೇವೆಗೆ ರಾಜೀನಾಮೆ ಕೊಡುವುದು, ಯಾವುದೂ ಆಗ ಬೇಡ. 6ನೆಯದು ಅದರ ಮುಂದಿನ ಹೆಜ್ಜೆ: ಪ್ರಾರ್ಥನೆಯನ್ನು ಕಡಿಮೆ ಮಾಡುವ ಮನಸ್ಸಾದಾಗ ಸ್ವಲ್ಪ ಹೆಚ್ಚೇ ಮಾಡಿ.

ಒಂದು ನಿರ್ದಿಷ್ಟ ದುಶ್ಚಟದ ಮೇಲೆ ಕೆಲಸ ಮಾಡುವವರಿಗೆ ಅದೇ ಪುಸ್ತಕದಲ್ಲಿ ಒಂದು ಲೆಕ್ಕದ ಪದ್ಧತಿ ಇದೆ. ಬೆಳಗ್ಗೆ ಎದ್ದ ಕೂಡಲೇ ಆ ಒಂದೇ ತಪ್ಪನ್ನು ಹೆಸರಿಸಿ ನಿರ್ಧಾರ ಮಾಡಬೇಕು. ಮಧ್ಯಾಹ್ನ ಊಟದ ನಂತರ ಗಂಟೆ ಗಂಟೆಯಾಗಿ ಹಿಂದೆ ನೋಡಿ, ಎಷ್ಟು ಸಲ ಬಿದ್ದಿದ್ದೇವೋ ಅಷ್ಟು ಚುಕ್ಕೆ ಇಡಬೇಕು. ರಾತ್ರಿ ಊಟದ ನಂತರ ಇನ್ನೊಂದು ಸಲ. ದಿನಕ್ಕೆ ಎರಡು ಗೆರೆ. ಮೊದಲ ಗೆರೆಗೂ ಎರಡನೆಯದಕ್ಕೂ, ನಿನ್ನೆಗೂ ಇವತ್ತಿಗೂ, ಈ ವಾರಕ್ಕೂ ಹಿಂದಿನ ವಾರಕ್ಕೂ ಹೋಲಿಸುವುದು. ಒಂದೇ ಸಲಕ್ಕೆ ನಾಲ್ಕೈದು ತಪ್ಪುಗಳನ್ನು ಪಟ್ಟಿ ಮಾಡಿಕೊಂಡರೆ ಕೆಲವೇ ದಿನಗಳಲ್ಲಿ ಲೆಕ್ಕದ ಪುಸ್ತಕ ಮೂಲೆ ಸೇರುತ್ತದೆ. ಅತಿಯಾದ ಅಪರಾಧಭಾವದಿಂದ ನರಳುವವರು ಮಾತ್ರ ಗುರುವಿನ ಮಾರ್ಗದರ್ಶನ ಇಲ್ಲದೆ ಇದನ್ನು ಮಾಡಬಾರದು, ಚುಕ್ಕೆ ಎಣಿಸುವುದೇ ಅವರಿಗೆ ಕಾಟವಾಗುತ್ತದೆ.

ಮಲಗುವ ಮುಂಚೆ ಕೀರ್ತನೆ 4, 91, 134. ಸಂತ ಬೆನೆಡಿಕ್ಟರ ನಿಯಮದಲ್ಲಿ ದಿನದ ಕೊನೆಯ ಪ್ರಾರ್ಥನೆಗೆ ಗೊತ್ತುಮಾಡಿದ ಮೂರು ಕೀರ್ತನೆಗಳು ಇವೇ. ಕತ್ತಲೆಗೆ ಹೆದರುವ ಮಕ್ಕಳಿರುವ ಮನೆಯಲ್ಲಿ ಇವನ್ನು ಜೋರಾಗಿ ಓದುವುದು ಬಹಳ ಒಳ್ಳೆಯದು.

ಭೂತೋಚ್ಚಾಟನೆಯ ಬಗ್ಗೆ ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1172ನೇ ವಿಧಿಯಂತೆ ಬಿಷಪರ ಸ್ಪಷ್ಟ ಅನುಮತಿ ಪಡೆದ ಗುರುವಷ್ಟೇ ಅದನ್ನು ನಡೆಸಬಹುದು. ಪ್ರಾರ್ಥನಾ ಗುಂಪಿನ ಮುಖಂಡರಿಗೆ, ಅವರು ಎಷ್ಟೇ ಭಕ್ತರಾಗಿರಲಿ, ಆ ಅಧಿಕಾರ ಇಲ್ಲ.

---

ಅಗಾಪೆ_ಹುಬ್ಬಳ್ಳಿ ಉತ್ತರ

ಪ್ರೈಸ್ ದ ಲಾರ್ಡ್. ಪೆಂತೆಕೊಸ್ತ ಸಭೆಯವನಾಗಿ ಮೂರನೇ ಪ್ರಶ್ನೆಗೆ ಉತ್ತರಿಸುತ್ತೇನೆ.

ಯೇಸುವಿನ ಹೆಸರಿನಲ್ಲಿ ಆಜ್ಞಾಪಿಸುವುದಕ್ಕೆ ಆಧಾರ ಖಂಡಿತ ಇದೆ. ಫಿಲಿಪ್ಪಿಯಲ್ಲಿ ದಾಸಿಯನ್ನು ಹಿಡಿದಿದ್ದ ಆತ್ಮಕ್ಕೆ ಪೌಲ ಯೇಸುಕ್ರಿಸ್ತನ ಹೆಸರಿನಲ್ಲಿ ಅಪ್ಪಣೆ ಕೊಟ್ಟ (ಅ.ಕೃ. 16:18). ಒಂದೇ ವಾಕ್ಯ, ಒಂದೇ ಸಲ. ಯೇಸು ಕಪೆರ್ನೌಮಿನಲ್ಲಿ ದುರಾತ್ಮಕ್ಕೆ ಹೇಳಿದ್ದೂ ಅಷ್ಟೇ ಚಿಕ್ಕದು (ಮಾರ್ಕ 1:25). ಧ್ವನಿ ಏರಿಸಿದರೆ ಅಧಿಕಾರ ಹೆಚ್ಚುತ್ತದೆ ಅನ್ನುವುದಕ್ಕೆ ಎಲ್ಲೂ ಆಧಾರ ಇಲ್ಲ.

"ಕಟ್ಟುತ್ತೇನೆ" ಅನ್ನುವುದಕ್ಕೆ ಸಾಮಾನ್ಯವಾಗಿ ಮತ್ತಾಯ 18:18 (ಭೂಮಿಯಲ್ಲಿ ಕಟ್ಟಿದ್ದು ಪರಲೋಕದಲ್ಲೂ ಕಟ್ಟಿರುತ್ತದೆ ಅನ್ನುವ ಮಾತು) ಎತ್ತುತ್ತಾರೆ. ಅದರ ಹಿಂದಿನ ಮೂರು ವಚನ ಓದಿ: ತಪ್ಪು ಮಾಡಿದ ಸಹೋದರನನ್ನು ಸಭೆ ತಿದ್ದುವ ವಿಷಯ ಅದು. ಬಲಿಷ್ಠನನ್ನು ಕಟ್ಟುವ ಮಾತು ಮಾರ್ಕ 3:27ರಲ್ಲಿದೆ, ಅಲ್ಲಿ ಕಟ್ಟಿದವನು ಕ್ರಿಸ್ತನೇ. ಅಪೊಸ್ತಲರ ಕೃತ್ಯಗಳಲ್ಲಿ ಯಾವ ಅಪೊಸ್ತಲನೂ ಪ್ರಾರ್ಥನೆಯ ನಡುವೆ ಸೈತಾನನ ಜೊತೆ ಸಂಭಾಷಣೆಗೆ ಇಳಿಯುವುದಿಲ್ಲ. ಯೂದ 9ರಲ್ಲಿ ಪ್ರಧಾನದೂತ ಮಿಕಾಯೇಲನೂ ಕರ್ತನು ನಿನ್ನನ್ನು ಗದರಿಸಲಿ ಅಂದನೇ ಹೊರತು ದೂಷಿಸಲಿಲ್ಲ. ಅರ್ಧ ಗಂಟೆಯ ಪ್ರಾರ್ಥನೆಯಲ್ಲಿ ಇಪ್ಪತ್ತು ನಿಮಿಷ ಸೈತಾನನಿಗೇ ಮಾತಾಡಿದರೆ ಆ ಹೊತ್ತು ಯಾರ ಸನ್ನಿಧಿಯಲ್ಲಿ ಕಳೆಯಿತು? ನಮ್ಮ ಸಭೆಗಳು ಇದನ್ನು ಗಂಭೀರವಾಗಿ ಕೇಳಿಕೊಳ್ಳಬೇಕು.

ದೆವ್ವ ಬಿಡಿಸಲು ಹೊರಟ ಸ್ಕೇವನ ಏಳು ಮಂದಿ ಮಕ್ಕಳ ಪ್ರಸಂಗ (ಅ.ಕೃ. 19:13-16) ಇನ್ನೊಂದು ಪಾಠ. ಹೆಸರು ಸರಿಯಾಗಿಯೇ ಹೇಳಿದರು, ಆದರೆ ಪೌಲ ಸಾರುವ ಯೇಸು ಅಂತ ಎರವಲು ಪಡೆದು ಹೇಳಿದರು. ಬೆತ್ತಲೆಯಾಗಿ, ಗಾಯಗೊಂಡು ಓಡಿದರು. ಬಿಡುಗಡೆಯಾದ ಮೇಲೆ ಮನೆ (ಅಂದರೆ ಆ ವ್ಯಕ್ತಿಯ ಒಳಗು) ಖಾಲಿ ಬಿಟ್ಟರೆ ಹೋದ ದುರಾತ್ಮ ಇನ್ನೂ ಏಳನ್ನು ಕರೆತರುತ್ತದೆ ಅಂತ ಲೂಕ 11:24-26 ಹೇಳುತ್ತದೆ. ಒಂದು ಸಂಜೆ ಪ್ರಾರ್ಥಿಸಿ ಕಳಿಸಿಬಿಡುವುದು ಅಪಾಯ. ವಾಕ್ಯ ಓದಿಸುವವರು, ಜೊತೆಗೆ ಊಟ ಮಾಡುವವರು, ವಾರ ವಾರ ವಿಚಾರಿಸುವವರು ಬೇಕು.

ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ದೆವ್ವಗಳನ್ನು ಬಿಡಿಸಿರಿ ಅಂದ ವಚನದಲ್ಲೇ, ಉಚಿತವಾಗಿ ಹೊಂದಿದ್ದೀರಿ ಉಚಿತವಾಗಿ ಕೊಡಿ ಅಂತಲೂ ಇದೆ (ಮತ್ತಾಯ 10:8). ಪ್ರಾರ್ಥನೆಯ ಎಣ್ಣೆಗೆ ಬೆಲೆ ಕಟ್ಟುವವರಿಗೂ ಇದೇ ಉತ್ತರ.

---

ಆಪ್ತಸಮಾಲೋಚಕಿ_ಮೈಸೂರು ಉತ್ತರ

ಎರಡನೇ ಮತ್ತು ನಾಲ್ಕನೇ ಪ್ರಶ್ನೆಗೆ. ದಯವಿಟ್ಟು ಇದನ್ನು ಕೂಟದಲ್ಲಿ ಓದಿ ಹೇಳಿ.

ಪ್ರಾರ್ಥನೆಯಲ್ಲಿ ದೇವದೂಷಣೆಯ ಮಾತು ತಾನಾಗಿ ನುಗ್ಗುವುದು ಹೊಸದಲ್ಲ. ಏಳನೇ ಶತಮಾನದ ಸೀನಾಯಿ ಮಠಾಧಿಪತಿ ಜಾನ್ ಕ್ಲೈಮಾಕಸ್ ಇದಕ್ಕಾಗಿಯೇ ಬರೆದಿದ್ದಾರೆ: ಅದು ನಿನ್ನ ಮಾತಲ್ಲ, ಅದರ ಜೊತೆ ವಾದಕ್ಕೆ ಇಳಿಯಬೇಡ, ಲಕ್ಷ್ಯ ಕೊಡದೆ ಪ್ರಾರ್ಥನೆ ಮುಂದುವರಿಸು. ಇಂದಿನ ಚಿಕಿತ್ಸಾ ಪದ್ಧತಿ ಹೇಳುವುದೂ ಬಹುಮಟ್ಟಿಗೆ ಇದನ್ನೇ. ಆದ್ದರಿಂದ ಪ್ರತಿ ಸಲ ಗದರಿಸಬೇಕೇ ಅನ್ನುವುದಕ್ಕೆ ಉತ್ತರ: ಬೇಡ. ಯೋಚನೆ ಬಂತು, ಗದರಿಸಿದೆ, ಐದು ನಿಮಿಷ ನೆಮ್ಮದಿ, ಮತ್ತೆ ಬಂತು, ಇನ್ನೂ ಜೋರಾಗಿ ಗದರಿಸಿದೆ. ಹೀಗೆ ಪ್ರತಿ ನೆಮ್ಮದಿಯೂ ಆ ಯೋಚನೆ ನಿಜಕ್ಕೂ ಅಪಾಯಕಾರಿ ಅಂತ ಮೆದುಳಿಗೆ ಕಲಿಸುತ್ತದೆ, ಅದು ಹೆಚ್ಚುತ್ತದೆ. ಪ್ರಾರ್ಥನೆ ಸರಿಯಾಗಲಿಲ್ಲ ಅಂತ ಮೊದಲಿನಿಂದ ಮತ್ತೆ ಶುರು ಮಾಡುವುದು, ಒಂದೇ ಪಾಪವನ್ನು ಹತ್ತಾರು ಸಲ ಅರಿಕೆ ಮಾಡುವುದು, ಕ್ಷಮಿಸಲಾಗದ ಪಾಪ ಮಾಡಿದೆನೇ ಅಂತ ಪಾಸ್ಟರನ್ನು ದಿನವೂ ಕೇಳುವುದು ಕಂಡರೆ ಅದು ಒಸಿಡಿ (ಬೇಡದ ಯೋಚನೆಯೂ ಅದನ್ನು ತಣಿಸುವ ಕ್ರಿಯೆಯೂ ಮತ್ತೆ ಮತ್ತೆ ಬರುವ ಮಾನಸಿಕ ಕಾಯಿಲೆ) ಇರಬಹುದು. ಒಸಿಡಿಗೆ ಒಳ್ಳೆಯ ಚಿಕಿತ್ಸೆ ಇದೆ.

ಬೆಳಗಿನ ಜಾವ ಎಚ್ಚರವಾಗಿಯೂ ಕೈಕಾಲು ಆಡದೆ, ಎದೆಯ ಮೇಲೆ ಯಾರೋ ಕೂತಂತೆ ಆಗುವುದನ್ನು ತಕ್ಷಣ ದುರಾತ್ಮ ಅಂದುಬಿಡುತ್ತಾರೆ. ಕನಸಿನ ನಿದ್ರೆಯಲ್ಲಿ ಸ್ನಾಯುಗಳು ಸಡಿಲಾಗಿರುತ್ತವೆ. ಆ ಸ್ಥಿತಿ ಕಳೆಯುವ ಮುಂಚೆ ಎಚ್ಚರವಾದರೆ ಹೀಗಾಗುತ್ತದೆ, ಬಹುಮಟ್ಟಿಗೆ ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷ. ನಿದ್ದೆಗೆಟ್ಟಾಗ, ಅಂಗಾತ ಮಲಗಿದಾಗ ಹೆಚ್ಚು. ಬೆರಳ ತುದಿ ಆಡಿಸಲು ಪ್ರಯತ್ನಿಸಿ, ಉಸಿರು ನಿಧಾನಿಸಿ, ಯೇಸುವಿನ ಹೆಸರು ಮನಸ್ಸಿನಲ್ಲಿ ಹೇಳಿ, ಮಗ್ಗುಲಾಗಿ ಮಲಗಿ.

ಮಾತ್ರೆ ನಿಲ್ಲಿಸು ಅನ್ನುವವರಿಗೆ ಮತ್ತಾಯ 4:24 ತೋರಿಸಿ. ದೆವ್ವ ಹಿಡಿದವರು, ಮೂರ್ಛಾರೋಗಿಗಳು, ಪಾರ್ಶ್ವವಾಯು ರೋಗಿಗಳು ಅಂತ ಅಲ್ಲಿ ಬೇರೆ ಬೇರೆಯಾಗಿ ಹೆಸರಿಸಿದೆ. ಸಾಯಬೇಕು ಅಂದ ಎಲೀಯನಿಗೆ ದೂತ ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ಆತ ತಿಂದು ಮಲಗಿ, ಮತ್ತೆ ಎದ್ದು ತಿಂದ (1 ಅರಸು 19:5-8). ಮಾನಸಿಕ ಕಾಯಿಲೆಯ ಅಥವಾ ಫಿಟ್ಸ್ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಕಾಯಿಲೆ ಮರುಕಳಿಸಬಹುದು, ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು.

ಬಿಡುಗಡೆಯ ಹೆಸರಿನಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಪಾಪ, ಜೊತೆಗೆ ಅಪರಾಧ. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ ಇದಕ್ಕೂ ಅನ್ವಯಿಸುತ್ತದೆ. ಜೀವ ಕಳೆದುಕೊಳ್ಳುವ ಮಾತು ಬಂದರೆ ಒಬ್ಬರೇ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ, ಹತ್ತಿರದ ಆಸ್ಪತ್ರೆಗೂ ಕರೆದೊಯ್ಯಿರಿ.

---

ನೇತ್ರಾವತಿ_ತೀರ

ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೊಂದೇ ಪ್ರಶ್ನೆ. ಅರಿಕೆ ಮಾಡಿ ಬಿಟ್ಟ ಹಳೆಯ ಪಾಪವನ್ನೇ ಎತ್ತಿ ಚುಚ್ಚುವ ಯೋಚನೆ ಬಂದರೆ, ಅದು ಪವಿತ್ರಾತ್ಮನ ಎಚ್ಚರಿಕೆಯೋ ದೂರುಗಾರನಾದ ಸೈತಾನನ ಕೆಲಸವೋ ಅಂತ ಹೇಗೆ ತಿಳಿಯುವುದು?

ಬಲ್ಮಠ_ಗುಡ್ಡ

ಪವಿತ್ರಾತ್ಮನು ಒಂದು ಕೃತ್ಯವನ್ನು ಹೆಸರಿಸಿ, ಮಾಡಬೇಕಾದ್ದನ್ನೂ ತೋರಿಸುತ್ತಾನೆ: ಆ ಹಣ ಹಿಂದಿರುಗಿಸು, ಅವಳ ಬಳಿ ಹೋಗಿ ಕ್ಷಮೆ ಕೇಳು. ದೂರುಗಾರ "ನೀನು ಯಾವತ್ತೂ ಹೀಗೇ, ನಿನ್ನಂಥವನು ಪ್ರಾರ್ಥಿಸಬಾರದು" ಅಂತ ಇಡೀ ವ್ಯಕ್ತಿಯನ್ನೇ ತಳ್ಳಿಹಾಕುತ್ತಾನೆ, ದಾರಿ ತೋರಿಸುವುದಿಲ್ಲ. ಸರಿಪಡಿಸುವುದು ಬಾಕಿ ಇದ್ದರೆ ಇವತ್ತೇ ಮಾಡಿ. ಬಾಕಿ ಏನೂ ಇಲ್ಲದಿದ್ದರೆ ಕ್ರಿಸ್ತನಲ್ಲಿರುವವರಿಗೆ ಅಪರಾಧನಿರ್ಣಯ ಇಲ್ಲ ಅನ್ನುವ ರೋಮಾಪುರ 8:1 ಮತ್ತು 8:33-34 ಒಂದು ಸಲ ಜೋರಾಗಿ ಓದಿ, ಸಂಕೀರ್ತನೆ ಹಾಡಿ, ಕೆಲಸಕ್ಕೆ ಹೋಗಿ. ಪ್ರಕಟನೆ 12:10-11ರಲ್ಲಿ ಹಗಲಿರುಳು ದೂರು ಹೇಳುವವನನ್ನು ಸಹೋದರರು ಜಯಿಸಿದ್ದು ಕುರಿಮರಿಯ ರಕ್ತದ ಬಲದಿಂದ. ಕೂಟದಲ್ಲಿ ಮುಂದಿನ ವಾರ ಎಫೆಸ ಮುಗಿದ ಮೇಲೆ ಆ ಅಧ್ಯಾಯವನ್ನೇ ಎತ್ತಿಕೊಳ್ಳಿ, ಜೊತೆಗೆ ಸೈತಾನ ದೂರು ಹೇಳಲು ನಿಂತಾಗಲೇ ಯಾಜಕನ ಕೊಳಕು ಬಟ್ಟೆ ತೆಗೆಸಿದ ಜೆಕರ್ಯ 3ನ್ನೂ ಓದಿಸಿ.