ಗಾಜಿನ ಮೇಲೆ ಕೆತ್ತೋದಾ, ಕೊರೆಯೋದಾ, ಸಾಣೆ ಹಿಡಿಯೋದಾ?

ಎಲ್ರಿಗೂ ನಮಸ್ಕಾರ,

ಗಾಜಿನ ಲೋಟ, ಹೂಜಿಗಳ ಮೇಲೆ ಚಿತ್ರ ಮೂಡಿಸೋ ಸಾಂಪ್ರದಾಯಿಕ ಗ್ಲಾಸ್ ಎನ್‌ಗ್ರೇವರ್‌ಗಳ ಬಗ್ಗೆ ಒಂದು ಲೇಖನ ಬರೀತಾ ಇದೀನಿ, ಶುರುನಲ್ಲೇ ಕ್ರಿಯಾಪದದ ಹತ್ರ ಸಿಕ್ಕಾಕೊಂಡೆ. ನಾವು ಎಲ್ಲಕ್ಕೂ ‘ಕೆತ್ತನೆ’ ಅಂದುಬಿಡ್ತೀವಿ. ಆದ್ರೆ ಕೆತ್ತೋದು ಅಂದ ತಕ್ಷಣ ಉಳಿ, ಸುತ್ತಿಗೆ, ಚಕ್ಕೆ ಏಳೋದು ನೆನಪಿಗೆ ಬರುತ್ತೆ. ಗಾಜಿಗೆ ಉಳಿ ಇಟ್ಟು ಹೊಡೆದ್ರೆ ಮುಗೀತು ಕತೆ.

ಅಸಲಿ ಕೆಲಸ ನಡೆಯೋದು ಹೀಗೆ. ಮೇಜಿನ ಮೇಲೆ ಒಂದು ಪುಟ್ಟ ಲೇತು, ಹಿಂದೆ ಕಾಲಲ್ಲಿ ತುಳೀತಿದ್ರು ಈಗ ಮೋಟಾರು, ಅದರ ತುದೀಲಿ ತಾಮ್ರದ ಬಿಲ್ಲೆ. ಬಿಲ್ಲೆ ಗುಂಡುಸೂಜಿ ತಲೆಯಷ್ಟು ಚಿಕ್ಕದೂ ಇರುತ್ತೆ, ಅಂಗೈ ಅಗಲದ್ದೂ ಇರುತ್ತೆ, ಗೆರೆಗೆ ತಕ್ಕ ಹಾಗೆ ಮತ್ತೆ ಮತ್ತೆ ಬದಲಾಯಿಸ್ತಾ ಇರ್ತಾರೆ. ತಾಮ್ರ ಗಾಜಿಗಿಂತ ಮೆತ್ತಗೆ, ಅದು ಗಾಜನ್ನ ಕತ್ತರಿಸೋದೇ ಇಲ್ಲ! ಎಣ್ಣೇಲಿ ಕಲಸಿದ ಎಮರಿ ಅನ್ನೋ ಗಟ್ಟಿ ಕಲ್ಲಿನ ಪುಡಿ ಬಿಲ್ಲೆಯ ಅಂಚಿಗೆ ಕಚ್ಕೊಂಡು ಗಾಜನ್ನ ಸವೆಸುತ್ತೆ. ಬಿಲ್ಲೆ ಇದ್ದಲ್ಲೇ ತಿರುಗುತ್ತೆ, ಎನ್‌ಗ್ರೇವರ್ ಎರಡೂ ಮೊಣಕೈ ಊರ್ಕೊಂಡು ಗಾಜನ್ನೇ ಕೆಳಗಿಂದ ಅದಕ್ಕೆ ತಾಗಿಸ್ತಾನೆ. ಅಂದ್ರೆ ಬಿಲ್ಲೆ ಗಾಜಿಗೆ ತಾಗೋ ಜಾಗ ಅವನ ಕಣ್ಣಿಗೇ ಮರೆ, ಮೇಲೆ ಎಣ್ಣೆ ರಾಡಿ ಬೇರೆ. ಸದ್ದು ಕೇಳ್ಕೊಂಡು, ಕೈಗೆ ಬರೋ ಅದುರು ನೋಡ್ಕೊಂಡು, ನಡುನಡುವೆ ಒರೆಸಿ ಬೆಳಕಿಗೆ ಹಿಡಿದು ಮುಂದುವರೀಬೇಕು. ಒಂದು ಗೆರೆ ಆಳ ಆಗೋದ್ರೆ ಮತ್ತೆ ತುಂಬಿಸೋಕಾಗಲ್ಲ.

ಈ ಕೆಲಸಕ್ಕೆ ‘ಕೊರೆಯೋದು’ ಅಂದ್ರೆ ತೂತು ಮಾಡಿದ ಹಾಗೆ ಕೇಳುತ್ತೆ. ‘ಕಡೆಯೋದು’ ಅನ್ನೋಣ ಅಂದ್ರೆ ಮರ ಕಡೆಯುವಾಗ ತಿರುಗೋದು ವಸ್ತು, ಇಲ್ಲಿ ತಿರುಗೋದು ಬಿಲ್ಲೆ. ಶಾಸನಗಳ ‘ಕಂಡರಿಸು’ ಚೆಂದ, ಓದೋರಿಗೆ ಮಾತ್ರ ಕಲ್ಲೇ ಕಾಣುತ್ತೆ. ನನ್ನ ಮನಸ್ಸು ವಾಲ್ತಿರೋದು ‘ಸಾಣೆ ಕೆತ್ತನೆ’ ಕಡೆಗೆ. ಚರಿತ್ರೆನೂ ಇದರ ಕಡೆಗೇ ಇದೆ ಅನ್ಸುತ್ತೆ. ಪ್ರಾಗ್‌ನಲ್ಲಿ ಎರಡನೇ ರುಡಾಲ್ಫ್ ಚಕ್ರವರ್ತಿ ಆಸ್ಥಾನದಲ್ಲಿದ್ದ ಕಾಸ್ಪರ್ ಲೇಮನ್ ರತ್ನಗಳಿಗೆ ಸಾಣೆ ಹಿಡಿಯೋನು, ಆ ವಿದ್ಯೆನ ಗಾಜಿಗೆ ತಂದು 1609ರಲ್ಲಿ ಅದಕ್ಕೆ ರಾಜಸನ್ನದನ್ನೂ ಪಡೆದ. ಅವನ ಶಿಷ್ಯ ಶ್ವಾನ್‌ಹಾರ್ಟ್ ಇದನ್ನ ನ್ಯೂರೆಂಬರ್ಗ್‌ಗೆ ಒಯ್ದ. ಈಗಿನ ಚೆಕ್ ದೇಶಕ್ಕೆ ಸೇರಿದ ಬೊಹೀಮಿಯಾದ ಕಾಮೆನಿಟ್ಸ್ಕಿ ಶೆನೋವ್‌ನಲ್ಲಿ 1856ರಲ್ಲಿ ಶುರುವಾದ ಗಾಜಿನ ಶಾಲೆ ಈಗಲೂ ಇದೆ.

ಹಾಗಂತ ಎಲ್ಲದಕ್ಕೂ ಸಾಣೆ ಅನ್ನೋಕೂ ಬರಲ್ಲ. ವಜ್ರದ ಮೊನೆಯಿಂದ ಗೀಚೋ ಪದ್ಧತಿ ಬೇರೆ, ಅದಕ್ಕೆ ‘ಗೀರು’ ಸಾಕು. ಹದಿನೆಂಟನೇ ಶತಮಾನದಲ್ಲಿ ಡಚ್ಚರು ಅದೇ ಮೊನೆಯಿಂದ ಬರೀ ಚುಕ್ಕೆ ಕುಟ್ಟಿ ಮುಖ, ಬಟ್ಟೆ ಮಡಿಕೆ ಎಲ್ಲ ತರಿಸಿದ್ರು, ಚುಕ್ಕೆ ಒತ್ತಾದ ಕಡೆ ಬೆಳಕು, ಇಲ್ಲದ ಕಡೆ ನೆರಳು. ಅದು ‘ಚುಕ್ಕೆ ಗೀರು’ ಆಗುತ್ತಾ? ಆಸಿಡ್ಡಿಂದ ಮಾಡೋದಕ್ಕೆ ‘ತಿನ್ನಿಸೋದು’ ಸರಿ ಹೋಗುತ್ತೆ, ಅದರಲ್ಲಿ ನನಗೆ ಅನುಮಾನ ಇಲ್ಲ.

ದೊಡ್ಡ ತಲೆನೋವು ಇನ್ನೊಂದಿದೆ. ಗಾಜಿನ ಒಂದು ಬದೀಲಿ ಗುಂಡಿ ತೋಡಿರ್ತಾರೆ, ಎದುರು ಬದಿಯಿಂದ ನೋಡಿದ್ರೆ ಅದೇ ಮುಖ ಉಬ್ಬಿ ಹೊರಗೆ ಬಂದ ಹಾಗೆ ಕಾಣುತ್ತೆ. ಹಾಗಾಗಿ ಅತಿ ಹೆಚ್ಚು ಉಬ್ಬಿ ಕಾಣಬೇಕಾದ ಮೂಗನ್ನೇ ಅತಿ ಆಳಕ್ಕೆ ತೋಡಬೇಕು, ಕೆಲಸಗಾರ ಎಲ್ಲ ತಿರುವುಮುರುವಾಗಿ ಯೋಚಿಸ್ಬೇಕು. ಇದಕ್ಕೆ ‘ತಗ್ಗು ಕೆತ್ತನೆ’ ಅನ್ನಬಹುದಾ? ನಿಜವಾಗಿಯೂ ಎದ್ದು ನಿಲ್ಲೋ ಹಾಗೆ ಸುತ್ತಲಿನ ಗಾಜನ್ನೆಲ್ಲ ಸವೆಸಿ ತೆಗೆಯೋ ಇನ್ನೊಂದು ಬಗೆಗೆ ‘ಉಬ್ಬು ಕೆತ್ತನೆ’ ಇದ್ದೇ ಇದೆ, ಕಾಣೋದು ಉಬ್ಬು ಮುಟ್ಟಿದ್ರೆ ತಗ್ಗು ಅನ್ನೋದಕ್ಕೆ ಒಂದೇ ಪದ ಬೇಕಾಗಿದೆ.

ಅಕ್ಕಸಾಲಿಗರು, ಹರಳು ಕೆಲಸದೋರು, ಮುದ್ರೆ ಮಾಡೋರು ಇದಕ್ಕೆ ಏನಂತಾರೆ ಅಂತ ಗೊತ್ತಿದ್ರೆ ದಯವಿಟ್ಟು ತಿಳಿಸಿ. ಸಂಸ್ಕೃತದಲ್ಲಿ ಹೊಸದಾಗಿ ಕಟ್ಟಿದ ಪದ ಬೇಡ, ಕೆಲಸ ಮಾಡೋರ ಬಾಯಲ್ಲಿರೋದು ಸಿಕ್ಕಿದ್ರೆ ಅದನ್ನೇ ಹಾಕ್ತೀನಿ.