ನಾಲ್ಕರಲ್ಲೊಂದು ಅಳತೆಯ ಎಚ್‌ಟಿ-2: ಕಾಲಿಗೆ ಸ್ಪ್ರಿಂಗ್ ಸಾಕಾ, ಎಣ್ಣೆ ಬೇಕಾ?

ಬೈಲುಕರೆ, ಮಂಜೇಶ್ವರ
ಎಚ್‌ಟಿ-2 ವಿಮಾನದ ನಾಲ್ಕರಲ್ಲೊಂದು ಅಳತೆಯ ಹಾರುವ ಮಾಡೆಲ್ ಕಟ್ತಾ ಇದ್ದೇನೆ. 1951ರಲ್ಲಿ ಬೆಂಗಳೂರಿನ ಎಚ್‌ಎಎಲ್‌ನಿಂದ ಮೊದಲ ಸಲ ಹಾರಿದ ತರಬೇತಿ ವಿಮಾನ. ಅಸಲಿನ ರೆಕ್ಕೆ 10.72 ಮೀಟರ್, ಮಾಡೆಲ್‌ನದ್ದು 2.68. ಇಂಧನ ಸೇರಿ 12 ಕೆಜಿ ದಾಟಬಾರದು ಅಂತ ಅಂದಾಜು. ಗೇರ್, ಅಂದರೆ ಚಕ್ರದ ಕಾಲು, ಮಡಚುವುದಿಲ್ಲ; ರೆಕ್ಕೆಯಿಂದ ಕೆಳಗಿಳಿಯುವ ಎರಡು ಕಾಲು, ಹಿಂದೆ ಟೇಲ್‌ವೀಲ್. ಕಾಲನ್ನು ಪೂರ್ತಿ ಕೈಯಲ್ಲೇ ಮಾಡುವುದು.

ಈಗಿನ ಲೆಕ್ಕ ಹೀಗುಂಟು. ಹೊರ ಕೊಳವೆ 24 ಮಿಮೀ, 6061-ಟಿ6 ಅಲ್ಯುಮಿನಿಯಂ, ಒಳ ಬೋರ್ 20. ಪಿಸ್ಟನ್ 16 ಮಿಮೀ ಸ್ಟೀಲ್ ಕೊಳವೆ, 2 ಮಿಮೀ ದಪ್ಪ. ರೆಕ್ಕೆಯಿಂದ ಆಕ್ಸಲ್‌ಗೆ 250. ಆಕ್ಸಲ್ ಒಂದೇ ಬದಿಗೆ, ಕಾಲಿನ ನಡುವಿನಿಂದ ಚಕ್ರದ ನಡುವಿಗೆ 25. ಸ್ಟ್ರೋಕ್, ಅಂದರೆ ಪಿಸ್ಟನ್ ಒಳಗೆ ಸರಿಯುವ ದೂರ, 30. ಪಿಸ್ಟನ್ ಜಾರುವ ಮೇಲಿನ, ಕೆಳಗಿನ ಎರಡು ಬುಷ್‌ಗಳ (ಒಳ ಉಂಗುರ) ಅಂತರ 20 ಇಟ್ಟಿದ್ದೇನೆ. ಸ್ಪ್ರಿಂಗ್ ಮಾತ್ರ ಹಾಕಿದರೆ ಸಾಕಾ, ಪುಟಿಯುವುದನ್ನು ತಡೆಯುವ ಎಣ್ಣೆಯ ಡ್ಯಾಂಪರ್ ಬೇಕೇ ಬೇಕಾ? ಹಾರಿಸುವುದು ಸುಗ್ಗಿ ಕೊಯ್ದ ಬೈಲಿನಲ್ಲಿ, ಕೆಲವೊಮ್ಮೆ ಪದವಿನಲ್ಲಿ, ಅಂದರೆ ಮುರಕಲ್ಲಿನ ಬೋಳು ಗುಡ್ಡದ ಮೇಲೆ.

ಹೊಸೂರು ಟರ್ನರ್
ಎಣ್ಣೆ ಹಾಕಿ. ಸ್ಪ್ರಿಂಗ್ ತಗೊಂಡ ಶಕ್ತಿಯನ್ನೆಲ್ಲ ವಾಪಸ್ ಕೊಟ್ಟುಬಿಡುತ್ತೆ. ವಿಮಾನ ನೆಲ ಮುಟ್ಟಿ ಮತ್ತೆ ಎದ್ದಾಗ ವೇಗ ಇರಲ್ಲ, ಎರಡನೇ ಸಲ ಬೀಳೋದು ರೆಕ್ಕೆ ತುದಿ ಮೇಲೆ. ಪಿಸ್ಟನ್ ತಲೇಲಿ 1 ಮಿಮೀ ತೂತು ಎರಡು, ಆರ್‌ಸಿ ಕಾರಿಗೆ ಹಾಕೋ ಸಿಲಿಕಾನ್ ಎಣ್ಣೆ, ಎಣ್ಣೆ ಸೋರದ ಹಾಗೆ 16 ಒಳವ್ಯಾಸ 2 ಮಿಮೀ ದಪ್ಪದ ನೈಟ್ರೈಲ್ ರಬ್ಬರಿನ ಓ-ರಿಂಗ್. ಗ್ರೂವ್ ಆಳ 1.75 ಇಡಿ, ರಿಂಗ್ ನೂರಕ್ಕೆ ಹನ್ನೆರಡರಷ್ಟು ಅದುಮಿದ್ರೆ ಸಾಕು. ಜಾಸ್ತಿ ಬಿಗಿ ಮಾಡಿದ್ರೆ ಜಾರಲ್ಲ, ಸಡಿಲ ಬಿಟ್ರೆ ಸೋರುತ್ತೆ.

ಪಿಸ್ಟನ್ ವಿಷಯದಲ್ಲಿ ಕೆಲಸದ ಕ್ರಮ ತಪ್ಪಬೇಡಿ. ಮೊದಲು ಕೆಳಗಿನ ಆಕ್ಸಲ್ ಬ್ಲಾಕನ್ನು ಸಿಲ್ವರ್ ಬ್ರೇಜಿಂಗ್ (ಬೆಳ್ಳಿ ಬೆಸುಗೆ) ಮಾಡಿ, ಆಮೇಲೆ ಲೇತ್‌ನಲ್ಲಿ ನೇರ ಮಾಡಿ, ಕೊನೆಗೆ ಹಾರ್ಡ್ ಕ್ರೋಮ್. ಕ್ರೋಮ್ ಆದ ರಾಡ್ ತಂದು ಅದಕ್ಕೆ ಬ್ರೇಜಿಂಗ್ ಮಾಡಿದ್ರೆ 650 ಡಿಗ್ರಿ ಶಾಖಕ್ಕೆ ರಾಡ್ ಸೊಟ್ಟ ಆಗುತ್ತೆ, ಕ್ರೋಮ್ ಬಣ್ಣ ಕೆಡುತ್ತೆ. ಹೊರ ಕೊಳವೆ 6061 ಇರೋದ್ರಿಂದ ಅದಕ್ಕೆ ವೆಲ್ಡಿಂಗ್ ಬೇಡವೇ ಬೇಡ. ಶಾಖ ಸಂಸ್ಕಾರದಿಂದ ಬಂದ ಟಿ6 ಬಲ ವೆಲ್ಡ್ ಪಕ್ಕದಲ್ಲೇ ಅರ್ಧಕ್ಕೆ ಇಳಿಯುತ್ತೆ. ಕ್ಲಾಂಪ್ ಮಾಡಿ ಹಿಡಿಸಿ.

ಅಕ್ಕಲಕೋಟಿ ಫಿಟ್ಟರ್
ಟರ್ನರ್ ಸಾಹೇಬ್ರ, ಬ್ರೇಜಿಂಗ್ ಮಾತು ಖರೆ ಅದ. ಎಣ್ಣಿ ಮಾತ್ರ ಬ್ಯಾಡ್ರಿ. ಪದವಿನ ಕೆಂಪು ಧೂಳಿನಾಗ ಹರಳು ಇರ್ತದ. ಓ-ರಿಂಗಿನ ತುಟಿಗೆ ಹತ್ತಿ ಕುಂತು ಪಿಸ್ಟನ್ನಿಗೆ ಉದ್ದಕ್ಕ ಗೆರಿ ಕೊರಿತದ, ಆಮೇಲೆ ಎಣ್ಣಿ ಆ ಗೆರಿಗುಂಟ ಇಳಿತದ. ಒಂದು ಕಾಲಾಗ ಎಣ್ಣಿ ಹೋಗಿ ಇನ್ನೊಂದರಾಗ ಉಳೀತು ಅಂದ್ರ ಎರಡೂ ಕಾಲು ಬ್ಯಾರೆ ಬ್ಯಾರೆ ಕೂಡ್ತಾವ. ಅದು ಎರಡೂದರಾಗೂ ಇಲ್ಲದ್ದಕ್ಕಿಂತ ಕೆಟ್ಟದ್ದು.

ಪಾಲಿಯುರೆಥೇನ್ (ಪಿಯು) ಹಾಕ್ರಿ. ರಬ್ಬರ್ ಜಾತಿಯ ಸಾಮಾನು ಒತ್ತಿದ ಶಕ್ತಿ ಪೂರಾ ತಿರುಗಿ ಕೊಡಂಗಿಲ್ಲ, ಒಂದಿಷ್ಟು ಬಿಸಿಯಾಗಿ ಹೋಗ್ತದ. ದೊಡ್ಡ ವಿಮಾನದಾಗೂ ಇದು ನಡದದ. ಡಿ ಹ್ಯಾವಿಲ್ಯಾಂಡ್ ಮಾಸ್ಕಿಟೋದ ಮುಖ್ಯ ಕಾಲಿನಾಗ ಎಣ್ಣಿ ಇರಲಿಲ್ಲ, ರಬ್ಬರ್ ಬ್ಲಾಕ್ ಒಂದರ ಮ್ಯಾಲೊಂದು ಪೇರಿಸಿದ್ರು.

ಕುಂಬಳೆ ಮಾಷ್ಟ್ರು
ಡ್ಯಾಂಪರ್ ಚರ್ಚೆಗೆ ಮೊದಲು ಸ್ಪ್ರಿಂಗ್ ಎಷ್ಟು ಬಲದ್ದು ಅಂತ ಗೊತ್ತಾಗಬೇಕಲ್ಲ ಮಾರಾಯ್ರೆ.

ಅಳತೆ ನಾಲ್ಕರಲ್ಲೊಂದಾದರೆ ವೇಗ ಅದರ ವರ್ಗಮೂಲ, ಎರಡರಲ್ಲೊಂದು. ಅಸಲಿಗೆ ಸೆಕೆಂಡಿಗೆ 3 ಮೀಟರ್ ಇಳಿತ ಹಿಡಿದರೆ ಮಾಡೆಲ್‌ಗೆ 1.5. 12 ಕೆಜಿಗೆ ಅದು 13.5 ಜೂಲ್, ಕಾಲಿಗೆ 6.75. ನಿಂತಲ್ಲಿ ಕಾಲು ಕುಸಿಯದ ಹಾಗೆ 60 ನ್ಯೂಟನ್ ಪ್ರೀಲೋಡ್ (ಮೊದಲೇ ಒತ್ತಿಟ್ಟ ಬಲ) ಕೊಟ್ಟು 30 ಮಿಮೀಯಲ್ಲಿ ಆ ಶಕ್ತಿ ಮುಗಿಸಬೇಕಾದರೆ ಕೊನೆಯ ಬಲ 390 ನ್ಯೂಟನ್. ಅಂದರೆ ಮಿಲಿಮೀಟರಿಗೆ 11 ನ್ಯೂಟನ್ ಸ್ಪ್ರಿಂಗ್. 2.8 ಮಿಮೀ ಪಿಯಾನೋ ತಂತಿ, ಸುರುಳಿಯ ನಡುವ್ಯಾಸ 16, ಕೆಲಸ ಮಾಡುವ ಸುತ್ತು ಹದಿಮೂರೂವರೆ, ತುದಿಗೆ ಎರಡು ಸತ್ತ ಸುತ್ತು, ಬಿಡುಉದ್ದ 82. 2.5 ತಂತಿ ಸಿಗ್ತದೆ ಅಂತ ಅದರಲ್ಲಿ ಸುತ್ತಬೇಡಿ. 20ರ ಬೋರಿಗೆ ಹೊಂದುವ ಸುರುಳಿಯಲ್ಲಿ ಅದಕ್ಕೆ ಒತ್ತಡ ಜಾಸ್ತಿಯಾಗ್ತದೆ, ನಾಲ್ಕು ಲ್ಯಾಂಡಿಂಗ್‌ಗೆ ಗಿಡ್ಡವಾಗ್ತದೆ. ಸುತ್ತಿದ ಮೇಲೆ 230 ಡಿಗ್ರಿ ಓವನ್‌ನಲ್ಲಿ ಅರ್ಧ ಗಂಟೆ ಇಡಿ. ಮತ್ತೆ ತೂಕದ ಯಂತ್ರದ ಮೇಲಿಟ್ಟು ಡ್ರಿಲ್ ಪ್ರೆಸ್ಸಿನಲ್ಲಿ 10 ಮಿಮೀ ಒತ್ತಿದರೆ ಸುಮಾರು 11 ಕೆಜಿ ತೋರಿಸಬೇಕು.

ಈಗ ಡ್ಯಾಂಪಿಂಗ್. ಚಕ್ರ ಬದಿಗಿದ್ದ ಕಾರಣ ಬುಷ್‌ಗಳಲ್ಲೇ ಘರ್ಷಣೆ ಉಂಟು. 390 ನ್ಯೂಟನ್, 25 ಮಿಮೀ ಬದಿಗೆ. ಬುಷ್ ಅಂತರ 40 ಮಾಡಿದರೆ ಒಂದೊಂದು ಬುಷ್‌ಗೆ 244 ನ್ಯೂಟನ್. ಗ್ರೀಸ್ ಹಾಕಿದ ಕಂಚಿಗೆ ಘರ್ಷಣೆ 0.15 ಹಿಡಿದರೆ ಒಟ್ಟು 73. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಇದು ತಡೆಯುವುದರಿಂದ ಮೂರನೇ ಒಂದು ಭಾಗ ಶಕ್ತಿ ಅಲ್ಲೇ ಮುಗೀತದೆ. ಎಣ್ಣೆ ಯಾಕೆ?

ಆದರೆ ನೀವು ಬರೆದ 20ರ ಅಂತರ ಅಪಾಯ. ಧೂಳು ಕೂತು ಘರ್ಷಣೆ 0.4ಕ್ಕೆ ಏರಿದರೆ 20 ಮಿಮೀಯಲ್ಲಿ ಕಾಲು ಪೂರ್ತಿ ಲಾಕ್. ಎಷ್ಟು ಬಲ ಹಾಕಿದರೂ ಅಷ್ಟೇ ಬಲ ತಡೀತದೆ, ಪಿಸ್ಟನ್ ಮೇಲೆ ಹೋಗುವುದೇ ಇಲ್ಲ.

ಹೊಸೂರು ಟರ್ನರ್
ಮಾಷ್ಟ್ರೇ, ಲೆಕ್ಕ ಚೆನ್ನಾಗಿದೆ, ಆದ್ರೆ ಒಂದು ಬಲ ಬಿಟ್ಟುಹೋಗಿದೆ. ಚಕ್ರ ನೆಲ ಮುಟ್ಟೋವಾಗ ತಿರುಗ್ತಾ ಇರಲ್ಲ. ಅದನ್ನ ತಿರುಗಿಸೋಕೆ ನೆಲ ಹಿಂದಕ್ಕೆ ಎಳೆಯುತ್ತೆ. ನೇರ ಬಲದ ಅರ್ಧ ಅಂತ ಹಿಡಿದ್ರೂ 195 ನ್ಯೂಟನ್. ಕೆಳ ಬುಷ್‌ನಿಂದ ಆಕ್ಸಲ್ 110 ಮಿಮೀ ಕೆಳಗಿದೆ, ಬುಷ್ ಅಂತರ 40. ಹಾಗಾದ್ರೆ ಕೆಳ ಬುಷ್‌ಗೆ 731, ಮೇಲಿನದಕ್ಕೆ 536. ಘರ್ಷಣೆ 190 ನ್ಯೂಟನ್, ನಿಮ್ಮ 73 ಅಲ್ಲ. ಎರಡೂ ಸೇರಿದ್ರೆ ನೆಲ ಮುಟ್ಟಿದ ಮೊದಲ ಕ್ಷಣದಲ್ಲಿ ಕಾಲು ಅರ್ಧಂಬರ್ಧ ಅಂಟಿಕೊಂಡೇ ಇರುತ್ತೆ, ಏಟು ನೇರ ರೆಕ್ಕೆಗೆ. ಘರ್ಷಣೆ ಅನ್ನೋದು ಬೇಕಾದಾಗ ಇದ್ದು ಬೇಡವಾದಾಗ ಹೋಗೋ ವಸ್ತು ಅಲ್ಲ. ಎಣ್ಣೆ ಹಾಗಲ್ಲ, ವೇಗ ಇದ್ರೆ ತಡೆಯುತ್ತೆ, ನಿಧಾನಕ್ಕೆ ಬಿಟ್ಟುಕೊಡುತ್ತೆ.

ಕುಂಬಳೆ ಮಾಷ್ಟ್ರು
ಹೌದು, ಅದು ಬಿಟ್ಟುಹೋದದ್ದು ದೊಡ್ಡ ತಪ್ಪು. ಒಪ್ಪಿದೆ. ಹಾಗಾದರೆ ಅಂತರ 60ಕ್ಕೆ ಏರಿಸುವುದು. ಕೆಳ ಬುಷ್ 552, ಮೇಲಿನದ್ದು 357ಕ್ಕೆ ಇಳೀತದೆ. ಕಂಚಿನ ಬದಲು ಒಳಪದರಿಗೆ ಟೆಫ್ಲಾನ್ ಇರುವ ಡಿಯು ಬುಷ್ ಹಾಕಿ ಘರ್ಷಣೆ 0.08 ಅಂತ ಹಿಡಿದರೆ ಹಿಂದೆಳೆತದ ಪಾಲು 73 ನ್ಯೂಟನ್‌ಗೆ ಬಂತು. ಡಿಯು ಬುಷ್‌ಗೆ ಗ್ರೀಸ್ ಬೇಡ, ಧೂಳು ಹಿಡಿಯುವುದೂ ಕಡಿಮೆ. ಕೆಳಗಿನ ಬಾಯಿಗೆ ದಪ್ಪ ಫೆಲ್ಟ್‌ನ ಒಂದು ಉಂಗುರ ಕೂರಿಸಿ, ವರ್ಷಕ್ಕೊಮ್ಮೆ ಬದಲಿಸಿ.

ಜಾಗ: 60 ಅಂತರ, 76.5 ಕೂರಿಸಿದ ಸ್ಪ್ರಿಂಗ್, ಕೆಳಗೆ 110. ಕ್ಯಾಪ್ ಸೇರಿ 250 ದಾಟ್ತದೆ. ಕೊಳವೆಯ ಮೇಲಿನ 15 ಮಿಮೀ ರೆಕ್ಕೆಯ ಒಳಗೆ ಹೋಗಲಿ.

ಅಕ್ಕಲಕೋಟಿ ಫಿಟ್ಟರ್
ಸ್ಪ್ರಿಂಗಿನ ಒಳವ್ಯಾಸ 13.2 ಬರ್ತದ. ಅದರ ನಡುಕ 10 ಮಿಮೀ ವ್ಯಾಸದ ಪಿಯು ರಾಡ್, ಗಟ್ಟಿತನ ಶೋರ್ ಎ 85, 30 ಮಿಮೀ ಉದ್ದ. ಅದರ ಮ್ಯಾಲೆ 24 ಮಿಮೀ ಅಲ್ಯುಮಿನಿಯಂ ಸ್ಪೇಸರ್. ಮೊದಲಿನ 22 ಮಿಮೀ ಬರೀ ಸ್ಪ್ರಿಂಗ್ ನಡೀತದ, ಕಡೀಕ 8 ಮಿಮೀನಾಗ ಪಿಯು ಕೈ ಹಾಕ್ತದ. 12 ಮಿಮೀ ರಾಡ್ ತುರುಕಬ್ಯಾಡ್ರಿ. ಪಿಯು ಒತ್ತಿದಾಗ ಸಣ್ಣದಾಗಂಗಿಲ್ಲ, ಅಡ್ಡ ಉಬ್ಬತದ. 10 ಇದ್ದದ್ದು ಹನ್ನೊಂದೂ ಮುಕ್ಕಾಲಿಗೆ ಬರ್ತದ. 12 ಇದ್ದದ್ದು ಸ್ಪ್ರಿಂಗಿನ ಸುತ್ತಿನಾಗ ಸಿಕ್ಕಿ ಕತ್ತರಿಸಿಹೋಗ್ತದ.

ಟರ್ನರ್ ಸಾಹೇಬ್ರ, ಇಷ್ಟಾದ ಮ್ಯಾಲೂ ಎಣ್ಣಿ ಬೇಕಂತೀರೇನು?

ಹೊಸೂರು ಟರ್ನರ್
12 ಕೆಜಿಗೆ, ಹುಲ್ಲು ನೆಲಕ್ಕೆ, ಇದು ಸಾಕು. 20 ಕೆಜಿ ದಾಟಿ ಟಾರ್ ರನ್‌ವೇ ಆದ್ರೆ ಎಣ್ಣೆನೇ ಅಂತೀನಿ, ಅದರಲ್ಲಿ ಬದಲಾವಣೆ ಇಲ್ಲ.

ಆಕ್ಸಲ್ 6 ಮಿಮೀ ಇಡಬೇಡಿ. 25 ಮಿಮೀ ಹೊರಗೆ 400 ನ್ಯೂಟನ್ ಬಿದ್ರೆ 6ರಲ್ಲಿ ಒತ್ತಡ 470 ಮೆಗಾಪಾಸ್ಕಲ್, ಸಾದಾ ಇಎನ್8 ಸ್ಟೀಲ್ ಬಗ್ಗಿಬಿಡುತ್ತೆ. 8 ಮಿಮೀ ಮಾಡಿದ್ರೆ 200ಕ್ಕೆ ಇಳಿಯುತ್ತೆ. ಮೆಟ್ಟಿಲು ಇರೋ ಕಡೆ 1 ಮಿಮೀ ರೇಡಿಯಸ್ ಬಿಡಿ. ಚೂಪು ಮೂಲೆ ಬಿಟ್ರೆ ಅಲ್ಲಿಂದಲೇ ಬಿರುಕು ಶುರು. ಚಕ್ರ ಅಡ್ಡ ತಿರುಗದ ಹಾಗೆ ಹಿಡಿಯೋ ಟಾರ್ಕ್ ಲಿಂಕಿಗೆ 3.9 ಡ್ರಿಲ್, ಆಮೇಲೆ 4 ರೀಮರ್, 4 ಮಿಮೀ ನುಣ್ಣನೆ ಪಿನ್. ಪೂರ್ತಿ ಥ್ರೆಡ್ ಇರೋ ಸ್ಕ್ರೂ ಹಾಕಿದ್ರೆ ಥ್ರೆಡ್ಡೇ ಅರ ಥರ ತೂತು ತಿನ್ನುತ್ತೆ, ಚಕ್ರ ನಡುಗೋಕೆ ಶುರು ಮಾಡುತ್ತೆ.

ಬೈಲುಕರೆ, ಮಂಜೇಶ್ವರ
ಎಲ್ಲ ಬರೆದುಕೊಂಡೆ. ಕಾಲು ಹಿಡಿಸುವ ಪ್ಲೇಟ್ 6 ಮಿಮೀ ಅಲ್ಯುಮಿನಿಯಂ, ರೆಕ್ಕೆಯಲ್ಲಿ 6 ಮಿಮೀ ಪ್ಲೈ. ಮುಂದಿನ ಬೋಲ್ಟಿಗೂ ಹಿಂದಿನದ್ದಕ್ಕೂ ನಡುವೆ 50 ಮಿಮೀ. ಮುಂದೆ ಎರಡು ಸ್ಟೀಲ್ ಎಂ5, ಹಿಂದೆ ಎರಡು ನೈಲಾನ್. ದೊಡ್ಡ ಏಟು ಬಿದ್ದರೆ ನೈಲಾನ್ ತುಂಡಾಗಿ ರೆಕ್ಕೆ ಉಳೀಲಿ ಅಂತ.

ಕುಂಬಳೆ ಮಾಷ್ಟ್ರು
ಇದು ತಲೆಕೆಳಗು! ಚಕ್ರ ಹಿಂದಕ್ಕೆ ಹೋಗುವಾಗ ಪ್ಲೇಟಿನ ಹಿಂದಿನ ಅಂಚು ರೆಕ್ಕೆಗೆ ಒತ್ತಿ ಕೂರ್ತದೆ, ಮುಂದಿನ ಅಂಚು ಕೆಳಗೆ ಕಿತ್ತು ಬರ್ಲಿಕ್ಕೆ ನೋಡ್ತದೆ. ಎಳೆತ ಬೀಳುವುದು ಮುಂದಿನ ಬೋಲ್ಟಿಗೆ. ಹಿಂದಿನ ನೈಲಾನ್‌ಗೆ ಏನೂ ಆಗುವುದಿಲ್ಲ, ಮುಂದಿನ ಸ್ಟೀಲ್ ಬೋಲ್ಟು ಟಿ-ನಟ್ ಸಮೇತ ಪ್ಲೈಯನ್ನು ಹರಿದುಕೊಂಡು ಬರ್ತದೆ. ಸ್ಟೀಲ್ ಹಿಂದೆ, ನೈಲಾನ್ ಮುಂದೆ.

ಎಷ್ಟು ಬಲ ಅಂತಲೂ ನೋಡಿ. 195 ನ್ಯೂಟನ್ 250 ಮಿಮೀ ಕೆಳಗಿಂದ ತಿರುಗಿಸಿದರೆ 49 ನ್ಯೂಟನ್ ಮೀಟರ್. ಅದು ಕೊಳವೆಗೆ ಏನೂ ಅಲ್ಲ, 70 ಮೆಗಾಪಾಸ್ಕಲ್. 6061-ಟಿ6 ಅದರ ಮೂರು ಪಟ್ಟಿಗಿಂತ ಹೆಚ್ಚು ತಡೀತದೆ. ಆದರೆ 50 ಮಿಮೀ ಅಂತರದ ಬೋಲ್ಟಿಗೆ ಅದೇ 980 ನ್ಯೂಟನ್. ಮೇಲೆ ಒತ್ತುವ ಭಾರದ ಅರ್ಧ ಕಳೆದರೆ 785, ಒಂದೊಂದಕ್ಕೆ ಸುಮಾರು 390. ಕೊಯ್ದ ಬೈಲಿನಲ್ಲಿ ಗೇಣುದ್ದ ಕೂಳೆ ಚಕ್ರಕ್ಕೆ ಸಿಕ್ಕಿದರೆ ಇನ್ನೂ ಜಾಸ್ತಿ. ಇಷ್ಟು ಹೊತ್ತು ನಾವು ಚರ್ಚೆ ಮಾಡಿದ್ದು ಕಾಲಿನದ್ದು. ಮುರಿಯುವುದು ಕಾಲು ಹಿಡಿದ ಮರ. ಆ ಪ್ಲೈ ರೆಕ್ಕೆಯ ಪಕ್ಕೆಲುಬಿನಂಥ ಎರಡು ರಿಬ್‌ಗಳಿಗೆ ಹಲ್ಲು ಕಚ್ಚಿ ಕೂರಬೇಕು, ಬರೀ ಅಂಚಿಗೆ ಅಂಟು ಹಚ್ಚಿ ನಿಲ್ಲಿಸುವುದಲ್ಲ. ರಿಬ್‌ಗಳಿಗೆ 3 ಮಿಮೀ ಪ್ಲೈ ಜೋಡಿಸಿ ರೆಕ್ಕೆಯ ಉದ್ದದ ತೊಲೆ ಸ್ಪಾರ್‌ವರೆಗೆ ಎಳೆಯಿರಿ. ಬರ್ಚ್ ಸಿಗದಿದ್ದರೆ ಐಎಸ್ 710 ಮರೈನ್ ಪ್ಲೈ ಇಷ್ಟು ಜಾಗಕ್ಕೆ ಮಾತ್ರ ಹಾಕಿ, ತೂಕ ಸ್ವಲ್ಪ ಏರಿದರೂ ತೊಂದರೆಯಿಲ್ಲ.

ಅಕ್ಕಲಕೋಟಿ ಫಿಟ್ಟರ್
ನೈಲಾನಿನ ಬಗ್ಗೆ ಒಂದು ಮಾತದ. ಅದು ಗಾಳಿಯಾಗಿನ ನೀರು ಕುಡೀತದ. ನೈಲಾನ್ 66 ಒಣಗಿದ್ದಾಗ 80 ಮೆಗಾಪಾಸ್ಕಲ್ ಇದ್ದದ್ದು ತೇವ ಹಿಡಿದ ಮ್ಯಾಲೆ 50ರ ಸುತ್ತ ಬರ್ತದ. ಎಂ5 ಬೋಲ್ಟು ಮಂಜೇಶ್ವರದಾಗ 710 ನ್ಯೂಟನ್‌ಗೆ ಹರೀತದ. ನಮ್ಮ ಕಡೆ ಏಪ್ರಿಲ್ ಬಿಸಲಾಗ ಅದೇ ಬೋಲ್ಟು 1,100 ದಾಟ್ತದ. ನಮ್ಮಲ್ಲಿ ಎಂ4 ಹಾಕಿದ್ರ ಒಣಗಿದ್ದಾಗ 700. ನಿಮ್ಮ ಎಂ5, ನಮ್ಮ ಎಂ4, ಎರಡೂ ಒಂದ. ಬ್ಯಾರೆ ಊರವರ ಅಳತಿ ನೋಡಿ ಬೋಲ್ಟು ಹಾಕಿದ್ರ ಫ್ಯೂಸಿನಂಗ ಹರೀಬೇಕಾದ ಬೋಲ್ಟು ಹೋಗೋದರ ಬದಲಿ ರೆಕ್ಕಿ ಹೋಗ್ತದ. ಒಣಗಿದ ನೈಲಾನ್ ಗಾಜಿನಂಗ ಸಿಡೀತದ ಕೂಡ. ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲೆ ಬಿದ್ದಿದ್ದ ಪೊಟ್ಟಣ ಬ್ಯಾಡ.

ಬೈಲುಕರೆ, ಮಂಜೇಶ್ವರ
ಹಾಗಾದರೆ ಮುಂದೆ ಎಂ5 ನೈಲಾನ್. ರೆಕ್ಕೆಗೆ ಹಾಕುವ ಮೊದಲು 6 ಕೆಜಿ ಭಾರ ಕಟ್ಟಿ ಒಂದು ಕಾಲನ್ನು ಬೀಳಿಸಿ ನೋಡುವ ಅಂತ. 1.5 ಮೀಟರ್ ವೇಗಕ್ಕೆ 11.5 ಸೆಂಟಿಮೀಟರ್ ಎತ್ತರ ಬರ್ತದೆ. ಸರಿಯಾ?

ಕುಂಬಳೆ ಮಾಷ್ಟ್ರು
8.5 ಸಾಕು. ಹಾರುವಾಗ ತೂಕವನ್ನು ರೆಕ್ಕೆ ಹೊತ್ತಿರ್ತದೆ. ಬೀಳಿಸುವಾಗ ಹೊರುವವರಿಲ್ಲ, ಸ್ಟ್ರೋಕ್‌ನ 3 ಸೆಂಟಿಮೀಟರ್‌ನಲ್ಲೂ ಭಾರ ಕೆಳಗೆ ಎಳೀತಾ ಇರ್ತದೆ. ಅದನ್ನು ಎತ್ತರದಿಂದ ಕಳೆಯಬೇಕು. ಪಿಸ್ಟನ್‌ಗೆ ತೆಳು ಓ-ರಿಂಗ್ ಒಂದು ಹಾಕಿ ಕೆಳ ಬುಷ್‌ಗೆ ತಾಗಿಸಿ ಇಡಿ. ಬಿದ್ದ ಮೇಲೆ ಅದು ಎಷ್ಟು ಕೆಳಗೆ ಸರಿದಿದೆಯೋ ಅಷ್ಟು ಸ್ಟ್ರೋಕ್ ಖರ್ಚಾಗಿದೆ. 25ರಿಂದ 28 ಬಂದರೆ ಸ್ಪ್ರಿಂಗ್ ಸರಿ. 18ರಲ್ಲೇ ನಿಂತರೆ ಸ್ಪ್ರಿಂಗ್ ಬದಲಿಸಬೇಡಿ, ಮೊದಲು ಬುಷ್ ಬಿಗಿ ಉಂಟಾ ನೋಡಿ.

ಹೊಸೂರು ಟರ್ನರ್
ಬೀಳಿಸೋವಾಗ ಚಕ್ರದ ಕೆಳಗೆ 15 ಡಿಗ್ರಿ ಓರೆ ಹಲಗೆ ಇಡಿ, ಮೇಲೆ ಸ್ವಲ್ಪ ಎಣ್ಣೆ ಸವರಿ. ನುಣುಪಾದ ಓರೆ ಹಲಗೆ ಚಕ್ರವನ್ನ ನೇರ ಬಲದ ನಾಲ್ಕರಲ್ಲೊಂದು ಭಾಗದಷ್ಟು ಹಿಂದಕ್ಕೆ ತಳ್ಳುತ್ತೆ. ಸಮ ನೆಲದ ಮೇಲೆ ಸಲೀಸಾಗಿ ಜಾರೋ ಕಾಲು ಓರೆ ಹಲಗೆ ಮೇಲೆ ಕಚ್ಚಿಕೊಂಡ್ರೆ, ಮೇಲಿನ ಬುಷ್ ಮತ್ತು ಕೆಳ ಬುಷ್ ಒಂದೇ ಸಾಲಲ್ಲಿಲ್ಲ ಅಂತ ಅರ್ಥ. ಹೊರ ಕೊಳವೇನ ಒಂದೇ ಹಿಡಿತದಲ್ಲಿ ಎರಡೂ ಬುಷ್ ಸೀಟಿಗೆ ಬೋರ್ ಮಾಡಿಸಿ. ತಿರುಗಿಸಿ ಹಿಡಿದು ಮಾಡಿಸಬೇಡಿ.